ವೇಹೈವೇ ಅಂದ್ರೆ ಏನು, ಅದನ್ನ ಲೀಸ್‌ಗೆ ತಗೊಂಡಿದ್ದು ಯಾರು?

ಹಳೇ ಮ್ಯಾಪ್‌ಗಳಲ್ಲಿ ಚೀನಾದ ಶಾನ್‌ಡಾಂಗ್ ಕರಾವಳಿ ತುದೀಲಿ ವೇಹೈವೇ ಅನ್ನೋ ಹೆಸರು ಕಾಣುತ್ತೆ. ಮೊದಲ್ನೇ ವೇ, ಕೊನೇ ವೇ ನಮ್ಮ ಕಿವಿಗೆ ಒಂದೇ ಥರ ಕೇಳಿದ್ರೂ ಚೀನೀ ಲಿಪೀಲಿ ಬೇರೆ ಬೇರೆ ಅಕ್ಷರ. ಮೊದಲ್ನೇದು ದರ್ಪ, ಪ್ರತಾಪ ಅಂತ, ಹೈ ಅಂದ್ರೆ ಕಡಲು, ಕೊನೇದು ಕಾವಲು ಪಡೆಯ ಠಾಣ್ಯ. ಮಿಂಗ್ ದೊರೆಗಳ ಕಾಲದಲ್ಲಿ, 1398ರಲ್ಲಿ, ಜಪಾನ್ ಕಡೆಯ ಕಡಲ್ಗಳ್ಳರನ್ನ ತಡೆಯೋಕೆ ಇಲ್ಲಿ ಸೈನ್ಯ ಇಟ್ರು, ಹೆಸರು ಬಂದಿದ್ದು ಹಾಗೆ. ತಿಯಾನ್‌ಜಿನ್‌ಗೂ ಹಿಂದೆ ಇದೇ ಥರ ಬಾಲದಲ್ಲಿ ವೇ ಇತ್ತು.

ಆದ್ರೆ ಆ ಕಾವಲು ಕೊನೆಗೆ ಉಳೀಲಿಲ್ಲ. 1895ರಲ್ಲಿ ಜಪಾನ್ ಸೈನ್ಯ ಇಲ್ಲಿಗೇ ನುಗ್ಗಿ, ಎದುರಿಗಿದ್ದ ಲ್ಯೂಗಾಂಗ್ ದ್ವೀಪದಲ್ಲಿ ಚೀನಾದ ಬೇಯಾಂಗ್ ನೌಕಾಪಡೆಯನ್ನ ಮುಗಿಸಿತು, ಅದರ ಅಡ್ಮಿರಲ್ ಡಿಂಗ್ ರುಚಾಂಗ್ ಶರಣಾಗೋ ಬದ್ಲು ಜೀವ ಕಳ್ಕೊಂಡ್ರು.

ಚೀನಾ ಸೋತು ಸುಣ್ಣ ಆಗಿದ್ದೇ ತಡ, 1898ರಲ್ಲಿ ಜರ್ಮನಿ ಜ್ಯಾವ್‌ಝೌ ಕೊಲ್ಲಿನ 99 ವರ್ಷಕ್ಕೆ ಲೀಸ್ ತಗೊಳ್ತು, ರಷ್ಯಾ ಪೋರ್ಟ್ ಆರ್ಥರ್ ಅನ್ನೋ ಚೀನಾದ ಬಂದರನ್ನ 25 ವರ್ಷಕ್ಕೆ ತಗೊಳ್ತು, ಪೋರ್ಟ್ ಆರ್ಥರ್ ಎದುರು ದಡದಲ್ಲೇ ಇದ್ದ ವೇಹೈವೇನ ಬ್ರಿಟನ್ ಕೇಳ್ತು. ನಮ್ಮೂರಲ್ಲಿ ಭೋಗ್ಯಕ್ಕೆ ಮನೆ ಕೊಟ್ರೆ ದುಡ್ಡಾದ್ರೂ ಕೈಗೆ ಬರುತ್ತೆ, ಇಲ್ಲಿ ಅದೂ ಇಲ್ಲ, ಸುಮಾರು 740 ಚದರ ಕಿಲೋಮೀಟರ್ ಜಾಗಕ್ಕೆ ಬಾಡಿಗೇನೇ ಇಲ್ಲ. ಲೀಸ್ ಅನ್ನೋ ಹೆಸರಿಟ್ಟು ನಡೆಸಿದ ದಬ್ಬಾಳಿಕೆ ಇದು, ಬೇರೆ ಪದ ಹಾಕೋಕೆ ನಂಗೆ ಮನಸ್ಸಿಲ್ಲ.

ಇದ್ರ ಅವಧಿ ಅಂತೂ ಇನ್ನೂ ವಿಚಿತ್ರ, ವರ್ಷದ ಲೆಕ್ಕಾನೇ ಇಲ್ಲ, ರಷ್ಯಾ ಪೋರ್ಟ್ ಆರ್ಥರಲ್ಲಿ ಇರೋವರೆಗೂ ಬ್ರಿಟನ್ ಇಲ್ಲಿರಬಹುದು ಅಂತ ಬರ್ಕೊಂಡಿದ್ರು. ಅಂದ್ರೆ ಚೀನಾದ ನೆಲ ಚೀನಾಗೆ ಯಾವಾಗ ವಾಪಸ್ ಬರ್ಬೇಕು ಅನ್ನೋದನ್ನ ತೀರ್ಮಾನ ಮಾಡೋದು ರಷ್ಯಾ! 1905ರಲ್ಲಿ ಜಪಾನ್ ಯುದ್ಧದಲ್ಲಿ ಗೆದ್ದು ಪೋರ್ಟ್ ಆರ್ಥರನ್ನ ರಷ್ಯಾ ಕೈಯಿಂದ ಕಿತ್ಕೊಳ್ತು, ಕರಾರಿನ ಮಾತು ನೋಡಿದ್ರೆ ಬ್ರಿಟನ್ ಆಗ್ಲೇ ಹೊರಡ್ಬೇಕಿತ್ತು, ಆದ್ರೆ ಹೊರಡ್ಲಿಲ್ಲ, ಇನ್ನೂ 25 ವರ್ಷ ಕೂತಿತ್ತು. ಪೇಟೆಗೆ ಪೋರ್ಟ್ ಎಡ್ವರ್ಡ್ ಅಂತ ತಮ್ಮ ರಾಜನ ಹೆಸರೂ ಇಟ್ರು. ಗೋಡೆ ಒಳಗಿನ ಹಳೇ ಊರು ಮಾತ್ರ ಚೀನಾದ ಆಡಳಿತದಲ್ಲೇ ಉಳೀತು.

1930ರ ಅಕ್ಟೋಬರ್ 1ಕ್ಕೆ ಇದನ್ನ ವಾಪಸ್ ಕೊಟ್ಟ ಕೊನೇ ಕಮಿಷನರ್ ರೆಜಿನಾಲ್ಡ್ ಜಾನ್‌ಸ್ಟನ್, ಚೀನಾದ ಕೊನೇ ಚಕ್ರವರ್ತಿ ಪುಯಿಗೆ ಪಾಠ ಹೇಳ್ಕೊಟ್ಟೋರು ಇವ್ರೇ. ಲ್ಯೂಗಾಂಗ್ ದ್ವೀಪಾನ ಮಾತ್ರ ಬ್ರಿಟಿಷ್ ನೌಕಾಪಡೆ ಇನ್ನೊಂದು 10 ವರ್ಷ ಬಳಸ್ತು. ಈಗ ಮ್ಯಾಪಲ್ಲಿ ಹುಡುಕೋದಾದ್ರೆ ವೇಹೈ ಅಂತ ಟೈಪ್ ಮಾಡಿ, ಠಾಣ್ಯದ ವೇ ಬಿಟ್ಟುಹೋಗಿದೆ.