ದೋಣಿಮನೆಯ ತಳದಲ್ಲೊಂದು ಬ್ಯಾಟರಿ

ಇಂಗ್ಲೆಂಡಿನ ಕಾಲುವೆಗಳಲ್ಲಿ ಸಾವಿರಾರು ಜನ ಉಕ್ಕಿನ ದೋಣಿಗಳಲ್ಲೇ ಸಂಸಾರ ಹೂಡಿದ್ದಾರೆ. ನ್ಯಾರೋಬೋಟ್ ಎಂಬ ಈ ದೋಣಿಮನೆಯ ಅಗಲ ಏಳಡಿಗೂ ಕಡಿಮೆ. ಈಗ ಕಟ್ಟುವ ದೋಣಿಗಳಿಗೆ ತಳದಲ್ಲಿ 10 ಮಿ.ಮೀ., ಪಕ್ಕಗಳಲ್ಲಿ 6 ಮಿ.ಮೀ. ದಪ್ಪದ ಪ್ಲೇಟು ಹಾಕುವುದು ರೂಢಿ. ಒಲೆ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲವನ್ನೂ ನೀರಿನಿಂದ ಕಾಯುವುದು ಅಷ್ಟೇ ಉಕ್ಕು.

ತಾಮ್ರಕ್ಕೆ ಬರುವುದು ಕಿಲುಬು, ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ಕನ್ನಡ ಇವೆರಡನ್ನು ಬೇರೆ ಮಾಡಿಟ್ಟಿರುವುದು ನನಗೆ ಬಹಳ ಇಷ್ಟ, ಏಕೆಂದರೆ ಅವುಗಳ ಗುಣವೂ ಬೇರೆ. ಕಿಲುಬು ಲೋಹಕ್ಕೆ ಅಂಟಿಕೊಂಡು ಸವೆತವನ್ನು ನಿಧಾನಿಸುತ್ತದೆ. ತುಕ್ಕು ಉಬ್ಬಿ, ಹಕ್ಕಳೆಯಾಗಿ ಉದುರಿ, ಅಡಿಯ ಹೊಸ ಕಬ್ಬಿಣವನ್ನು ನೀರಿಗೆ ಒಡ್ಡುತ್ತದೆ.

ಆದರೆ ದೋಣಿಯನ್ನು ಮುಳುಗಿಸುವುದು ಕಣ್ಣಿಗೆ ಕಾಣುವ ಈ ಕೆಂಪು ಪುಡಿಯಲ್ಲ, ಒಂದೇ ಕಡೆ ಆಳಕ್ಕೆ ಕೊರೆಯುವ ಕುಳಿ. 1920ರ ದಶಕದಲ್ಲಿ ಕೇಂಬ್ರಿಜ್‌ನ ವಿಜ್ಞಾನಿ ಯು. ಆರ್. ಇವಾನ್ಸ್ ಉಕ್ಕಿನ ಮೇಲೆ ಉಪ್ಪುನೀರಿನ ಹನಿಗಳನ್ನಿಟ್ಟು ನೋಡಿದರು. ಗಾಳಿ ಚೆನ್ನಾಗಿ ಸಿಗುವ ಹನಿಯ ಅಂಚು ಉಳಿಯಿತು. ಆಮ್ಲಜನಕ ಕಡಿಮೆಯಿದ್ದ ನಡುಭಾಗ ಕರಗಿತು. ನಡುವಿನ ಕಬ್ಬಿಣ ಬಿಟ್ಟುಕೊಟ್ಟ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಅಂಚಿನ ಆಮ್ಲಜನಕವನ್ನು ಸೇರುತ್ತವೆ. ಅದೊಂದು ಪುಟ್ಟ ಬ್ಯಾಟರಿ. ದೋಣಿಯಲ್ಲೂ ಇದೇ ಕಥೆ: ಬಣ್ಣ ಗುಳ್ಳೆಯೆದ್ದ ಕಡೆ, ಪಾಚಿಲೋಳೆ ದಪ್ಪಗೆ ಕೂತ ಕಡೆ, ಅದರ ಮರೆಯ ಚುಕ್ಕೆಯಷ್ಟು ಜಾಗದ ಎಲೆಕ್ಟ್ರಾನುಗಳನ್ನು ಸುತ್ತಲಿನ ಅಗಲ ಪ್ಲೇಟು ಹೀರುತ್ತದೆ. ಹಾಗಾಗಿ ‘ಸರಾಸರಿ ದಪ್ಪ ಚೆನ್ನಾಗಿದೆ’ ಎಂಬ ಮಾತನ್ನು ನಂಬಿ ಮಲಗಬಾರದು.

ದಡದಿಂದ ಕರೆಂಟು ತೆಗೆದುಕೊಂಡರೆ ಬ್ಯಾಟರಿ ಇನ್ನೂ ದೊಡ್ಡದಾಗುತ್ತದೆ. ಅರ್ಥಿಂಗ್ ತಂತಿ ನಿಮ್ಮ ದೋಣಿಯನ್ನು ಪಕ್ಕದ ದೋಣಿಗೂ ದಡದ ಲೋಹಕ್ಕೂ ಬೆಸೆಯುತ್ತದೆ. ಪರಿಹಾರ ಗ್ಯಾಲ್ವನಿಕ್ ಐಸೊಲೇಟರ್: ಸವೆತ ತರುವ ಸಣ್ಣ ಕರೆಂಟನ್ನು ತಡೆದು, ಅವಘಡದ ದೊಡ್ಡ ಕರೆಂಟನ್ನು ಮಾತ್ರ ಹರಿಯಬಿಡುವ, ಆ ತಂತಿಗೆ ಜೋಡಿಸುವ ಸಾಧನ. ತಂತಿಯನ್ನೇ ಕತ್ತರಿಸುವುದಂತೂ ಪ್ರಾಣಕ್ಕೇ ಅಪಾಯ.

1824ರಲ್ಲಿ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಗೆ ಬೇರೊಂದು ದಾರಿ ತೋರಿಸಿದ್ದರು: ಹಡಗಿನ ತಾಮ್ರದ ಹೊದಿಕೆಗೆ ಕಬ್ಬಿಣ ಅಥವಾ ಸತುವಿನ ತುಂಡು ಜೋಡಿಸಿ, ತಾಮ್ರದ ಬದಲು ಅದನ್ನೇ ಸವೆಯಲು ಬಿಡುವುದು. ಇಂದು ಉಕ್ಕಿನ ದೋಣಿಗೆ ಸಮುದ್ರದಲ್ಲಿ ಸತು, ಕಾಲುವೆಯ ಸಿಹಿನೀರಿನಲ್ಲಿ ಮೆಗ್ನೀಸಿಯಮ್. ಸಿಹಿನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯದು, ಸತುವಿನ ನೂಕುಬಲ ಅಲ್ಲಿ ಸಾಲದು. ಈ ತುಂಡುಗಳಿಗೆ ಮಾತ್ರ ಬಣ್ಣ ಬಳಿಯಬಾರದು.

ರಿಪೇರಿಗೆ ದೋಣಿಯನ್ನು ಮೇಲೆತ್ತಿ, ತೊಳೆದು, ಪ್ಲೇಟಿನ ದಪ್ಪವನ್ನು ಅಲ್ಟ್ರಾಸೌಂಡಿನಿಂದ ಅಳೆಯುತ್ತಾರೆ. 6 ಮಿ.ಮೀ. ಪ್ಲೇಟಿನ ಹಿಂಬದಿಗೆ ಬಡಿದು ಶಬ್ದ ಮರಳಲು ಸುಮಾರು 2 ಮೈಕ್ರೊಸೆಕೆಂಡು ಸಾಕು. 4 ಮಿ.ಮೀ.ಗಿಂತ ತೆಳುವಾದರೆ ವಿಮೆಯವರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಬಿಡಿ ಕುಳಿಗಳನ್ನು ವೆಲ್ಡಿಂಗ್ ತುಂಬಿ ಮುಚ್ಚಬಹುದು. ಹಳೆಯದರ ಮೇಲೇ ಹೊಸ ಪ್ಲೇಟು ಹೊದಿಸುವುದೂ ಉಂಟು, ಆದರೆ ದೋಣಿಯ ಭಾರ ಹೆಚ್ಚಿ ಅದು ನೀರಿನಲ್ಲಿ ಇನ್ನಷ್ಟು ತಗ್ಗುತ್ತದೆ. ಸಾಧ್ಯವಿದ್ದರೆ ಕೊಳೆತದ್ದನ್ನು ಕತ್ತರಿಸಿ ಹೊಸದನ್ನು ಕೂರಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಯಾವುದೇ ಆಗಲಿ, ಗೋಡೆಯ ಹಿಂದೆ ಚಳಿ ತಡೆಯಲು ತುಂಬಿದ ಫೋಮ್ ಹೊರಗಿನ ವೆಲ್ಡಿಂಗ್ ಕಾವಿಗೇ ಹೊತ್ತಿಕೊಳ್ಳಬಹುದು. ಒಳಗೆ ಒಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಕಾಯಲೇಬೇಕು.

ಹೊರಮೈಗೆ ಎರಡು ಮೂರು ವರ್ಷಕ್ಕೊಮ್ಮೆ ಡಾಂಬರಿನಂಥ ಕಪ್ಪು ಬಿಟುಮೆನ್ ಬಳಿಯುತ್ತಾರೆ. ಒಳಗಿನಿಂದ ತಿನ್ನುವ ತುಕ್ಕಿಗೆ ಅದು ತಲುಪದು. ಕಿಟಕಿಯಲ್ಲಿ ಇಳಿದ ಉಸಿರಿನ ತೇವ, ಸಿಂಕಿನ ಪೈಪಿನ ಜಿನುಗು, ಎಲ್ಲವೂ ತಳದ ಪ್ಲೇಟಿಗೇ ಇಳಿದು ದೋಣಿಯ ಹಿಂತುದಿಯಲ್ಲಿ ನಿಲ್ಲುತ್ತವೆ. ಅಲ್ಲಿನ ನೆಲದ ಹಲಗೆಯೊಂದನ್ನು ಆಗಾಗ ಎತ್ತಿ, ಒಣ ಕೈಯಿಂದ ಉಕ್ಕನ್ನು ಮುಟ್ಟಿ ನೋಡಬೇಕು.