ಉಜ್ಜಿದರೆ ಹೋಗುವ ಕಲೆಯಲ್ಲ

"ಸರಿಯಾಗಿ ಉಜ್ಜು ಅಂತ ದಿನಾ ಬೈತೀನ್ರೀ, ಕೇಳಂಗಿಲ್ಲ ಇಕಿ."

ಕುಷ್ಟಗಿ ಕಡೆಯಿಂದ ಬಂದಿದ್ದ ತಾಯಿ 10 ವರ್ಷದ ಮಗಳ ತುಟಿ ಎತ್ತಿ ತೋರಿಸಿದರು. ಮುಂದಿನ ಎರಡು ಹಲ್ಲಿನ ಮೇಲೆ ಚಹಾ ಬಣ್ಣದ ಅಡ್ಡಗೆರೆ. ಹುಡುಗಿ ತಲೆ ತಗ್ಗಿಸಿದ್ದಳು. ಕೊಪ್ಪಳದಲ್ಲಿ ಹಲ್ಲಿನ ಡಾಕ್ಟರಾಗಿ ಈ ಬೈಗುಳ ಕೇಳಿ ಕೇಳಿ ನನಗೇ ಸಾಕಾಗಿದೆ.

ಇನ್ನೊಮ್ಮೆ ಹೇಳುತ್ತೇನೆ. ಅದು ಕೊಳೆಯಲ್ಲ. ಹಾಲುಹಲ್ಲು ಬಿದ್ದ ಮೇಲೆ ಬರುವ ದೊಡ್ಡ ಹಲ್ಲು ಇನ್ನೂ ದವಡೆಯೊಳಗೆ ಬೆಳೆಯುತ್ತಿರುವಾಗಲೇ ಬೋರ್‌ವೆಲ್ ನೀರಿನಲ್ಲಿ ಕರಗಿರುವ ಫ್ಲೋರೈಡ್ ಎಂಬ ಲವಣ ಜಾಸ್ತಿಯಾಗಿ ಬಿದ್ದ ಗುರುತು. ಹೆಚ್ಚುಕಮ್ಮಿ 8 ವರ್ಷದೊಳಗೆ ಕುಡಿದ ನೀರಿನ ಲೆಕ್ಕ ಅದು. ಇದ್ದಿಲು, ಉಪ್ಪು ಹಾಕಿ ತಿಕ್ಕಿದರೆ ಹಲ್ಲು ಸವೆಯುತ್ತದೆ, ಅಷ್ಟೇ. ನೀರು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಅದು ಪಾತ್ರೆಯಲ್ಲೇ ಉಳಿಯುತ್ತದೆ. ಬೇರೆ ನೀರೇ ಇಲ್ಲದಿದ್ದರೂ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ. ಬಣ್ಣವಿಲ್ಲ, ವಾಸನೆಯಿಲ್ಲ, ನೋಡಿ ಗೊತ್ತಾಗಲ್ಲ. ಮೇಲೆ ನಮ್ಮ ಬಿಸಿಲು ಬೇರೆ, ಕೊಡಗಟ್ಟಲೆ ಕುಡೀತೀವಿ.

"ಶುದ್ಧ ನೀರಿನ ಘಟಕದಿಂದ ತನ್ನಿ" ಅಂದೆ.

"ಅದು ಬಸ್‌ಸ್ಟ್ಯಾಂಡ್ ಹತ್ರ ಐತ್ರೀ. ನಮ್ಮ ಓಣಿ ಹಳ್ಳದ ಆಚೆ. ಮನ್ಯಾಗ ಇವರು ಗಾಡಿ ತಗೊಂಡು ಹೋದ್ರ, 20 ಲೀಟರ್ ಕ್ಯಾನು ನಾನs ಹೊರಬೇಕು. ಬೋರಿಂಗು ಮನಿ ಮುಂದs ಐತಿ."

ಏನು ಹೇಳಲಿ? ಶಾಲೆಗಳಿಗೆ ತಪಾಸಣೆಗೆ ಹೋದಾಗ ಹಲ್ಲು ನೋಡಿಯೇ ಮಗು ಯಾವ ಓಣಿಯದು ಅಂತ ಊಹಿಸಿದ್ದುಂಟು. ಎಲ್ಲ ಸಲ ಸರಿಯಾಗಿಲ್ಲ. ಒಂದೇ ಊರಿನ ಎರಡು ಬೋರ್‌ವೆಲ್ ನೀರು ಬೇರೆ ಬೇರೆ ಇರುತ್ತದೆ. ಅದಕ್ಕೇ ನೀರು ಪರೀಕ್ಷೆ ಮಾಡಿಸದೆ ನಾನು ಖಡಾಖಂಡಿತ ಹೇಳುವುದಿಲ್ಲ. ಆದರೂ ಘಟಕ ಎಲ್ಲಿ ಕಟ್ಟಬೇಕು ಅಂತ ಕೂತು ಮಾತಾಡುವವರು ಖಾಲಿ ಕ್ಯಾನಲ್ಲ, ತುಂಬಿದ ಕ್ಯಾನು ಹೊತ್ತು ಒಮ್ಮೆ ಹಳ್ಳ ದಾಟಿ ನೋಡಲಿ.

ಸ್ನಾನಕ್ಕೆ, ಬಟ್ಟೆಗೆ ಬೋರಿಂಗ್ ನೀರು ನಡೆಯುತ್ತದೆ. ಕುಡಿಯಲು, ಅಡುಗೆಗೆ ಮಾತ್ರ ಒಳ್ಳೆ ನೀರು ಬೇಕು. ಅದೂ ಸಾಲದಿದ್ದರೆ ಮೊದಲು ಸಣ್ಣ ಮಕ್ಕಳಿಗೆ. ಹುಡುಗಿಯ ಕಲೆ ಮುಂದೆ ಮಂಕು ಮಾಡಬಹುದು, ಮುಚ್ಚಬಹುದು, ಅವಸರವಿಲ್ಲ.

ತಾಯಿ ಕಂಕುಳಲ್ಲಿದ್ದ 2 ವರ್ಷದ ಮಗನ ಬಾಯಿ ನೋಡಿದರು. ಹಾಲುಹಲ್ಲು ಬೆಳ್ಳಗಿದ್ದವು. "ಇವನಿಗಾದ್ರೂ ದಿನಾ ಒಂದು ಕೊಡ ತರ್ತೀನ್ರೀ."

ಹುಡುಗಿ ಆಗ ಮೊದಲ ಸಲ ಬಾಯಿ ಬಿಟ್ಟಳು: "ಮತ್ತ ನನ್ನ ಬೈಬ್ಯಾಡವ್ವ."