ಮೆಶ್ ಸಣ್ಣ ಮಾಡಿದಷ್ಟೂ ಸ್ಟ್ರೆಸ್ ಏರ್ತಿದೆ, ಸರ್!

ದಾವಣಗೆರೆಯ ಕಾಲೇಜೊಂದರ ಲ್ಯಾಬ್‌ನಲ್ಲಿ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದು ನನ್ನ ಹತ್ತಿರ ಬಂದ. ‘ಎಲ್’ ಆಕಾರದ ಬ್ರಾಕೆಟ್ಟು. ಕಂಪ್ಯೂಟರಲ್ಲಿ ಅದನ್ನು ಸಣ್ಣ ಸಣ್ಣ ತುಂಡಾಗಿ (ಎಲಿಮೆಂಟ್) ಒಡೆದು, ಆ ತುಂಡುಗಳ ಬಲೆಯಿಂದ (ಮೆಶ್) ಭಾರ ಬಿದ್ದಾಗ ಒಳಗೆ ಎಷ್ಟು ಒತ್ತಡ (ಸ್ಟ್ರೆಸ್) ಬರುತ್ತೆ ಅಂತ ಲೆಕ್ಕ ಹಾಕಿದ್ದ. ಒಳಮೂಲೆಯಲ್ಲಿ 4 ಮಿ.ಮೀ. ಎಲಿಮೆಂಟ್ ಇಟ್ಟರೆ ಸ್ಟ್ರೆಸ್ 180 ಮೆಗಾಪಾಸ್ಕಲ್. 2 ಮಿ.ಮೀ.ಗೆ 245. 1 ಮಿ.ಮೀ.ಗೆ 335. “ರಿಪೋರ್ಟಲ್ಲಿ ಯಾವುದನ್ನ ಬರೀಲಿ ಸರ್?”

ಒಳ್ಳೆ ಪ್ರಶ್ನೆ. ಹಳೆಯದೂ ಹೌದು.

1943ರಲ್ಲಿ ಗಣಿತಜ್ಞ ರಿಚರ್ಡ್ ಕೂರಂಟ್, ತಿರುಚಿದ ಕಂಬದ ಲೆಕ್ಕ ಬಿಡಿಸಲು ಅದರ ಅಡ್ಡಕೊಯ್ತವನ್ನು ತ್ರಿಕೋನಗಳಾಗಿ ಒಡೆದರು. 1956ರಲ್ಲಿ ಬೋಯಿಂಗ್‌ನ ಟರ್ನರ್ ಮತ್ತು ಜೊತೆಗಾರರು ವಿಮಾನದ ಮೈಗೆ ಅಂಥದ್ದೇ ತ್ರಿಕೋನ ಹೊದಿಸಿದರು. ಅವರಲ್ಲೊಬ್ಬರಾದ ರೇ ಕ್ಲಫ್ 1960ರಲ್ಲಿ ‘ಫೈನೈಟ್ ಎಲಿಮೆಂಟ್’ ಅಂತ ಹೆಸರಿಟ್ಟರು. ಆಗ ಮೆಶ್ ಹಾಕೋದು ಚುಕ್ಕಿ ರಂಗೋಲಿ ಕೆಲಸ. ಒಂದೊಂದೇ ನೋಡ್ (ತ್ರಿಕೋನಗಳ ಮೂಲೆಯ ಚುಕ್ಕಿ) ಗುರುತು ಹಾಕಿ, ಆಗಿನ ಕಂಪ್ಯೂಟರ್ ಓದುವ ತೂತಿನ ಪಂಚ್ ಕಾರ್ಡಿಗೆ ಇಳಿಸಬೇಕು. ಬೆನ್ನು ಮುರಿಯುತ್ತಿತ್ತು, ಆದರೆ ಯಾವ ತ್ರಿಕೋನ ಸೊಟ್ಟಗಿದೆ ಅಂತ ಹಾಕಿದವರಿಗೇ ಗೊತ್ತಿರುತ್ತಿತ್ತು. ಈಗ ಒಂದು ಬಟನ್ ಒತ್ತಿದರೆ ಲಕ್ಷ ಎಲಿಮೆಂಟ್. ಬಣ್ಣದ ಚಿತ್ರ ನೋಡಿ ಸುಮ್ನೆ ನಂಬಿಬಿಡ್ತೇವೆ, ಅಲ್ವಾ?

ಸೊಟ್ಟ ಅಂದರೆ ಎಷ್ಟು ಸೊಟ್ಟ? 1968ರಲ್ಲಿ ಗಣಿತಜ್ಞ ಜ್ಲಾಮಲ್ ಚೂಪು ಕೋನ ಬೇಡ ಅಂದರು. 1976ರಲ್ಲಿ ಬಬೂಷ್ಕಾ ಮತ್ತು ಅಜೀಜ್ ಅದನ್ನು ತಿದ್ದಿದರು: ನಿಜವಾದ ತೊಂದರೆ 180 ಡಿಗ್ರಿ ಹತ್ತಿರ ಹೋಗುವ ಕೋನದ್ದು, ಅಂದರೆ ಅಪ್ಪಚ್ಚಿಯಾದ ತ್ರಿಕೋನದ್ದು.

ಸೊಟ್ಟ ಮೆಶ್‌ನ ಬೆಲೆ ಗೊತ್ತಾಗಿದ್ದು ನಾರ್ವೆಯಲ್ಲಿ. 1991ರ ಆಗಸ್ಟ್ 23ರಂದು ಸ್ಲೈಪ್ನರ್ ಎ ತೈಲ ವೇದಿಕೆಯ ಕಾಂಕ್ರೀಟ್ ಬುಡವನ್ನು ಪರೀಕ್ಷೆಗಾಗಿ ನೀರಿಗೆ ಇಳಿಸುತ್ತಿದ್ದರು. ಬುಡ ಅಂದರೆ ಒಂದಕ್ಕೊಂದು ಅಂಟಿದ ದುಂಡನೆ ಕೋಣೆಗಳು. ಮೂರು ಕೋಣೆ ಸೇರುವಲ್ಲಿ ಒಂದು ಮುಕ್ಕೋನದ ಸಂದಿ. ಆ ಸಂದಿಯ ಗೋಡೆಗೆ ಹಾಕಿದ ಮೆಶ್ ಒರಟು, ಎಲಿಮೆಂಟ್‌ಗಳು ಸೊಟ್ಟ. ಹಾಗಾಗಿ ಶಿಯರ್ ಸ್ಟ್ರೆಸ್ (ಗೋಡೆಯನ್ನು ಕತ್ತರಿಸುವಂಥ ಒತ್ತಡ) ಲೆಕ್ಕದಲ್ಲಿ ನಿಜಕ್ಕಿಂತ 47% ಕಡಿಮೆ ಬಂತು. ಅದನ್ನೇ ನಂಬಿ ಕಬ್ಬಿಣ ಕಟ್ಟಿದ್ದರು, ಕಟ್ಟಿದ ರೀತಿಯೂ ಸಾಲದಾಗಿತ್ತು. ಸುಮಾರು 65 ಮೀಟರ್ ನೀರಿನ ಒತ್ತಡಕ್ಕೆ ಗೋಡೆ ಸೀಳಿ, ಇಡೀ ಬುಡ ಮುಳುಗಿತು. ಜನರೆಲ್ಲ ಪಾರಾದರು. ಆಮೇಲೆ ಜೋಪಾನವಾಗಿ ಮೆಶ್ ಹಾಕಿ ಲೆಕ್ಕ ಮಾಡಿದರೆ, ಗೋಡೆ 62 ಮೀಟರಿಗೆ ಒಡೆಯಬೇಕು ಅಂತ ಬಂತು!

ನಮ್ಮ ಹುಡುಗನ ಕಥೆ ಬೇರೆ. ಅವನ ಎಲಿಮೆಂಟ್‌ಗಳು ಚೆನ್ನಾಗೇ ಇದ್ದವು. ಮೂಲೆ ಮಾತ್ರ ಕತ್ತಿಯಂತೆ ಚೂಪು. ಅಂಥ ಕಡೆ ಸಿದ್ಧಾಂತದ ಪ್ರಕಾರ ಸ್ಟ್ರೆಸ್‌ಗೆ ಮಿತಿಯೇ ಇಲ್ಲ. ಮೆಶ್ ಸಣ್ಣದಾದಷ್ಟೂ ಅಂಕಿ ಏರುತ್ತಲೇ ಹೋಗುತ್ತೆ. ಮೂಲೆಗೆ 3 ಮಿ.ಮೀ. ಫಿಲೆಟ್ ಕೊಡಿಸಿ, ಅಂದರೆ ದುಂಡಗೆ ಮಾಡಿಸಿ, ಅಲ್ಲಷ್ಟೇ ಮೆಶ್ ಸಣ್ಣ ಮಾಡಿಸಿದೆ. 262, 268, 269. ಏರಿಕೆ ನಿಲ್ಲುತ್ತಾ ಬಂತು.

“ಹಾಗಾದ್ರೆ 269 ಬರೀತೀನಿ ಸರ್.”

“ಮೂರನ್ನೂ ಬರಿಯಪ್ಪ.”